ಶಿವನಸಮುದ್ರದ ವಿದ್ಯುತ್ತೂ ಕಾವೇರಿಯ ಋತುಧರ್ಮವೂ

೧

ಕನ್ನಂಬಾಡಿಯ ಕಟ್ಟೆಯ ಚರಿತ್ರೆಯನ್ನು ಹೇಳುವಾಗ ಮಂಡ್ಯದ ಗದ್ದೆಗಳಿಂದ ಆರಂಭಿಸುವುದು ವಾಡಿಕೆಯಾಗಿದೆ. ಮಳೆಯನ್ನೇ ನಂಬಿದ್ದ ಒಣನೆಲಕ್ಕೆ ನಾಲೆಯ ನೀರು ಬಂದುದು, ರಾಗಿಯ ಹೊಲಗಳಲ್ಲಿ ಬತ್ತವೂ ಕಬ್ಬೂ ತಲೆಯೆತ್ತಿದುದು, ೧೯೩೩ರಲ್ಲಿ ಮಂಡ್ಯದ ಸಕ್ಕರೆಯ ಕಂಪೆನಿ ಸ್ಥಾಪಿತವಾದುದು, ಇವೆಲ್ಲವೂ ಆ ಕಟ್ಟೆಯ ಫಲಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಫಲವನ್ನು ಕಂಡು ಅದನ್ನೇ ಕಾರಣವೆಂದು ನಿರ್ಣಯಿಸುವುದು ಚರಿತ್ರೆಯಲ್ಲಿ ಅಪಾಯಕರವಾದ ಮಾರ್ಗವಾಗಿದೆ. ಕಾಲಾನುಕ್ರಮವನ್ನು ಹಿಡಿದು ನೋಡಿದರೆ ಗದ್ದೆಗಿಂತ ಮೊದಲು ಗಣಿಯೂ, ನಾಲೆಗಿಂತ ಮೊದಲು ವಿದ್ಯುತ್ತಿನ ತಂತಿಯೂ ಬಂದುದು ಗೋಚರವಾಗುತ್ತದೆ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ತಿರುಗಲಾರಂಭಿಸಿದ ಚಕ್ರಗಳಿಗೆ ಬೇಸಗೆಯಲ್ಲಿ ನೀರು ಸಾಲದೆ ಹೋದುದೇ ೧೯೧೧ರ ಕಟ್ಟೆಗೆ ಹತ್ತಿರದ ಕಾರಣ.

ಈ ಕ್ರಮವನ್ನು ಒಪ್ಪಿಕೊಂಡರೆ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ. ಮೈಸೂರಿಗೂ ಮದರಾಸಿಗೂ ನಡೆದ ದೀರ್ಘವಾದ ವ್ಯಾಜ್ಯವು ಕಾವೇರಿಯ ನೀರು ಎಷ್ಟು ಎಂಬುದನ್ನು ಕುರಿತದ್ದೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಆದರೆ ನೀರು ಯಾವಾಗ ಎಂಬ ಪ್ರಶ್ನೆ ಅದಕ್ಕೆ ಸಮನಾಗಿ, ಆರಂಭದಲ್ಲಂತೂ ಅದಕ್ಕಿಂತ ಮಿಗಿಲಾಗಿ, ಆ ವ್ಯಾಜ್ಯದಲ್ಲಿ ಅಡಗಿತ್ತು. ಋತುವಿನ ಅಧೀನವಾಗಿದ್ದ ನದಿಯನ್ನು ಯಂತ್ರದ ಅಧೀನಕ್ಕೆ ತರುವ ಪ್ರಯತ್ನದಿಂದಲೇ ಈ ಪ್ರಶ್ನೆ ಹುಟ್ಟಿತು.

೨

ಕಾವೇರಿಯ ವರ್ಷವು ಸಮನಾಗಿ ಹಂಚಿಕೆಯಾದುದಲ್ಲ. ಜೂನ್ ತಿಂಗಳಲ್ಲಿ ಕೊಡಗಿನ ಮಲೆಗಳ ಮೇಲೆ ಮುಂಗಾರು ಮುರಿದು ಬೀಳುತ್ತಲೇ ನದಿಗೆ ಕೆಂಪು ಬೆರೆತ ಹೊಸನೀರು ಇಳಿಯುತ್ತದೆ. ಆರ್ದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳ ಕಾಲದಲ್ಲಿ ಹೊಳೆ ದಡ ಮುಟ್ಟಿ ಹರಿಯುವುದು. ತುಲಾ ಸಂಕ್ರಮಣದಲ್ಲಿ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ವೇಳೆಗೆ ಮಳೆಯ ಉಬ್ಬರ ಇಳಿದು ನೀರು ತಿಳಿಯಾಗಿರುವುದು. ಪುಷ್ಯಮಾಸ ಕಳೆದ ಮೇಲೆ ಬಂಡೆಗಳು ಮೇಲೆದ್ದು ತೋರುವುವು. ಚೈತ್ರ ವೈಶಾಖಗಳಲ್ಲಿ ಎಷ್ಟೋ ಕಡೆ ಜನರೂ ದನಗಳೂ ಹೊಳೆಯನ್ನು ಕಾಲ್ನಡೆಯಲ್ಲಿ ದಾಟುತ್ತಿದ್ದರು.

ಹಿಂದಿನವರ ನೀರಾವರಿಯ ಕೆಲಸಗಳೆಲ್ಲವೂ ಈ ಋತುಧರ್ಮವನ್ನು ಒಪ್ಪಿಕೊಂಡೇ ನಡೆದುವು. ಕನ್ನಡನಾಡಿನಲ್ಲಿ ನೀರಿನ ಕಟ್ಟಡಗಳು ಎರಡು ಬಗೆಯವು. ಹಳ್ಳಗಳಿಗೆ ಅಡ್ಡವಾಗಿ ಏರಿಯನ್ನು ಹಾಕಿ ಮಳೆಯ ನೀರನ್ನು ಕೂಡಿಡುವುದು ಕೆರೆ. ದೊಡ್ಡ ಹೊಳೆಗೆ ತಗ್ಗಾದ ಕಲ್ಲಿನ ಒಡ್ಡನ್ನು ಹಾಕಿ, ಹರಿಯುವ ನೀರಿನಲ್ಲಿ ಒಂದಂಶವನ್ನು ಕಾಲುವೆಗೆ ತಿರುಗಿಸುವುದು ಅಣೆಕಟ್ಟು. ತಲಕಾಡಿನ ಬಳಿಯ ಮಾಧವಮಂತ್ರಿಯ ಅಣೆ, ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ, ತಮಿಳು ನಾಡಿನಲ್ಲಿ ಕರಿಕಾಲ ಚೋಳನದೆಂದು ಪ್ರಸಿದ್ಧವಾದ ಕಲ್ಲಣೆ, ಇವೆಲ್ಲವೂ ಎರಡನೆಯ ಬಗೆಗೆ ಸೇರಿದುವು. ಅವು ನೀರನ್ನು ತಿರುಗಿಸಿದುವೇ ಹೊರತು ತಡೆದಿಡಲಿಲ್ಲ. ಹೊಳೆಯಲ್ಲಿ ನೀರಿದ್ದರೆ ಕಾಲುವೆಯಲ್ಲಿ ನೀರು, ಇಲ್ಲದಿದ್ದರೆ ಇಲ್ಲ. ಕಾವೇರಿಯನ್ನೇ ಕೆರೆಯಾಗಿಸುವ ಯೋಚನೆಗೆ ಸಾಕ್ಷಿಯಾಗಿ ಕನ್ನಂಬಾಡಿಯ ನಿವೇಶನದಲ್ಲಿ ಟೀಪೂ ಸುಲ್ತಾನನ ೧೭೯೪ರ ಪಾರಸಿ ಶಾಸನವೊಂದು ದೊರೆತಿದೆ. ಅಲ್ಲಿ ಅಣೆಗೆ ಅಸ್ತಿಭಾರ ಹಾಕಿದ ವಿಷಯವೂ, ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ರಿಯಾಯಿತಿ ಕೊಡುವ ವಿಷಯವೂ ಉಕ್ತವಾಗಿವೆ. ಸುಲ್ತಾನನ ದೃಷ್ಟಿ ಬೇಸಾಯದ ಮೇಲಿತ್ತೆಂಬುದು ಇದರಿಂದ ನಿಶ್ಚಿತ. ಆ ಕೆಲಸ ಮುಂದುವರಿಯಲಿಲ್ಲ. ನೂರ ಹದಿನೇಳು ವರ್ಷಗಳ ತರುವಾಯ ಅದೇ ಸ್ಥಳದಲ್ಲಿ ಕೆಲಸ ಮತ್ತೆ ಆರಂಭವಾದಾಗ ಪ್ರೇರಣೆ ಬೇರೆಯಾಗಿತ್ತು.

೩

ಶಿವನಸಮುದ್ರದಲ್ಲಿ ಕಾವೇರಿ ಇಬ್ಭಾಗವಾಗಿ ದ್ವೀಪವೊಂದನ್ನು ಬಳಸಿ, ಪಶ್ಚಿಮದ ಕವಲಿನಲ್ಲಿ ಗಗನಚುಕ್ಕಿಯಾಗಿಯೂ ಪೂರ್ವದ ಕವಲಿನಲ್ಲಿ ಭರಚುಕ್ಕಿಯಾಗಿಯೂ ಧುಮುಕುತ್ತದೆ. ರಾಜ್ಯದ ಎಲ್ಲೆಯೂ ಇಲ್ಲಿಯೇ ಹಾದುಹೋಗುತ್ತಿತ್ತು. ಎಡದಂಡೆ ಮೈಸೂರಿನದು, ದ್ವೀಪವೂ ಬಲದಂಡೆಯ ಕೊಳ್ಳೇಗಾಲ ತಾಲ್ಲೂಕೂ ೧೯೫೬ರ ವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುವು. ಹೀಗೆ ಈ ವಿದ್ಯುದ್ಯೋಜನೆಯು ಹುಟ್ಟಿದ ದಿನದಿಂದಲೇ ಎರಡು ಸರಕಾರಗಳ ಕಣ್ಣೆದುರಿಗಿತ್ತು.

ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ರೂಪುಗೊಂಡಿತು. ಮೈಸೂರಿನ ಸೇವೆಯಲ್ಲಿದ್ದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರು ಪರದೇಶಗಳಿಗೆ ಹೋಗಿ ಯಂತ್ರಗಳ ವಿಷಯವನ್ನು ವಿಚಾರಿಸಿ ಬಂದರು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪೆನಿಯಿಂದಲೂ, ವಿದ್ಯುದ್ಯಂತ್ರಗಳು ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದಲೂ ಬಂದುವು. ಶೇಷಾದ್ರಿ ಅಯ್ಯರ್ ಅವರು ೧೯೦೧ರಲ್ಲಿ ತೀರಿಕೊಂಡುದರಿಂದ ಕೆಲಸ ಪೂರ್ಣವಾದುದನ್ನು ಕಾಣಲಿಲ್ಲ. ೧೯೦೨ನೆಯ ಇಸವಿ ಜೂನ್ ೩೦ರಂದು, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ರೀಜೆನ್ಸಿಯ ಕೊನೆಯ ದಿನಗಳಲ್ಲಿ, ೯೨ ಮೈಲಿಗಳ ತಂತಿಯ ಮೂಲಕ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಲೋಕದಲ್ಲೇ ಅತ್ಯಂತ ದೀರ್ಘವಾದ ತಂತಿಗಳ ಸಾಲಿನಲ್ಲಿ ಅದು ಎಣಿಕೆಯಾಯಿತು. ಮೊದಲು ಸ್ಥಾಪಿಸಿದ ಆರು ಯಂತ್ರಗಳಲ್ಲಿ ಒಂದೊಂದರ ಶಕ್ತಿ ೭೨೦ ಕಿಲೋವಾಟ್, ಒಟ್ಟು ೪,೩೨೦. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ ೧೯೦೮ರಲ್ಲಿ ಮೈಸೂರಿಗೂ ದೀಪಗಳು ಬಂದುವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶಿವನಸಮುದ್ರದ ಕಟ್ಟಡವೂ ಹಳೆಯ ಅಣೆಕಟ್ಟಿನ ಜಾತಿಯದೇ ಆಗಿತ್ತು. ತಗ್ಗಾದ ಒಡ್ಡಿನಿಂದ ನೀರನ್ನು ಕಾಲುವೆಗೆ ತಿರುಗಿಸಿ, ಕೊಳವೆಗಳಲ್ಲಿ ಸುಮಾರು ೪೦೦ ಅಡಿ ಕೆಳಕ್ಕಿಳಿಸಿ, ಚಕ್ರಗಳನ್ನು ತಿರುಗಿಸಿದ ಮೇಲೆ ಅದನ್ನು ಹೊಳೆಗೇ ಬಿಡುವುದು. ಒಂದು ಹನಿಯಾದರೂ ವೆಚ್ಚವಾಗುವುದಿಲ್ಲ. ಕೆಳಗಿನವರಿಗೆ ಬರುವ ನೀರಿನ ಮೊತ್ತವೂ ಕಾಲವೂ ಬದಲಾಗುವುದಿಲ್ಲ. ೧೮೯೨ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದವು, ಮದರಾಸಿನ ಪೂರ್ವಾನುಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯಗಳನ್ನು ಕಟ್ಟಕೂಡದೆಂದು ವಿಧಿಸಿತ್ತು. ಹರಿಯುವ ನೀರಿನಿಂದ ಚಕ್ರ ತಿರುಗಿಸುವುದು ಆ ನಿರ್ಬಂಧದ ಮುಖ್ಯ ಲಕ್ಷ್ಯಕ್ಕೆ ಹೊರಗಾಗಿತ್ತು. ನದಿ ಕೊಟ್ಟಾಗ ಕೊಟ್ಟಷ್ಟನ್ನು ತೆಗೆದುಕೊಳ್ಳುವುದರಲ್ಲಿ ವ್ಯಾಜ್ಯಕ್ಕೆ ಅವಕಾಶ ಕಡಮೆ.

೪

ಕಷ್ಟವು ಗಿರಾಕಿಯ ಸ್ವಭಾವದಿಂದ ಬಂದಿತು. ಗದ್ದೆಯು ಋತುವನ್ನು ಬಲ್ಲದು: ಕೊಯ್ಲಾದ ಮೇಲೆ ಅದಕ್ಕೆ ನೀರು ಬೇಡ. ಗಣಿಗೆ ಋತುವಿಲ್ಲ. ಸಾವಿರಾರು ಅಡಿ ಆಳದಿಂದ ಅದಿರನ್ನೂ ಜನರನ್ನೂ ಮೇಲಕ್ಕೆತ್ತುವ ಯಂತ್ರ, ಗಣಿಯ ನೀರನ್ನು ಹೊರಹಾಕುವ ಪಂಪು, ಅದಿರನ್ನು ಕುಟ್ಟುವ ಒನಕೆಯಂತ್ರಗಳು, ಇವು ಏಪ್ರಿಲಿನಲ್ಲಿಯೂ ಆಗಸ್ಟಿನಲ್ಲಿಯೂ ಒಂದೇ ಸಮನಾಗಿ ನಡೆಯಬೇಕು. ಶಿವನಸಮುದ್ರದ ಯಂತ್ರಗಳು ಹೆಚ್ಚುತ್ತ ಹೋದಂತೆ ಅವಕ್ಕೆ ಸೆಕೆಂಡಿಗೆ ೯೦೦ ಘನ ಅಡಿಗಳ, ಅಂದರೆ ೯೦೦ ಕ್ಯೂಸೆಕ್ಕುಗಳ, ಏಕರೀತಿಯ ಹರಿವು ಬೇಕೆಂದು ಲೆಕ್ಕಹಾಕಲಾಯಿತು. ಬೇಸಗೆಯಲ್ಲಿ ಹೊಳೆಯ ಸಹಜವಾದ ಹರಿವು ಅದಕ್ಕಿಂತ ಬಹಳ ಕೆಳಕ್ಕೆ ಇಳಿಯುತ್ತಿತ್ತು. ಮಳೆಗಾಲದಲ್ಲಿ ಇದರ ಎಷ್ಟೋ ಪಾಲು ಹೆಚ್ಚಿನ ನೀರು ಪ್ರಪಾತದಲ್ಲಿ ಸುಮ್ಮನೆ ಬಿದ್ದು ಹೋಗುತ್ತಿದ್ದರೂ, ಆರು ತಿಂಗಳಾದ ಮೇಲೆ ಅದೇ ಸ್ಥಳದಲ್ಲಿ ನೀರಿಗೆ ಬರ. ವಿದ್ಯುತ್ತನ್ನು ಗಣಿಗಳಿಗೆ ಕರಾರಿನ ಮೇಲೆ ಮಾರಿದ್ದ ಸರಕಾರಕ್ಕೆ ಈ ಬರವು ಹಣದ ನಷ್ಟವೂ ಮಾತಿನ ನಷ್ಟವೂ ಆಗುವಂತಿತ್ತು.

೧೯೦೯ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಪರಿಹಾರವನ್ನು ಶ್ರೀರಂಗಪಟ್ಟಣಕ್ಕೆ ಮೇಲೆ, ಹೇಮಾವತಿಯೂ ಲಕ್ಷ್ಮಣತೀರ್ಥವೂ ಕಾವೇರಿಯನ್ನು ಕೂಡುವ ಪ್ರದೇಶಕ್ಕೆ ಸಮೀಪದ ಕನ್ನಂಬಾಡಿಯಲ್ಲಿ ಕಂಡರು. ಮೂರು ಹೊಳೆಗಳ ಮಳೆಗಾಲದ ನೀರನ್ನು ಅಲ್ಲಿ ಹಿಡಿದು ಬೇಸಗೆಯಲ್ಲಿ ಅಳೆದು ಬಿಡಬಹುದು. ಯೋಜನೆಯನ್ನು ಎರಡು ಹಂತಗಳಾಗಿ ಮಾಡಲಾಯಿತು: ಮೊದಲನೆಯದರ ಸಂಗ್ರಹ ೧೧ ಶತಕೋಟಿ ಘನ ಅಡಿ, ಎರಡನೆಯದು ಮುಗಿದಾಗ ೪೧.೫ ಶತಕೋಟಿ. ಮೊದಲ ಹಂತಕ್ಕೆ ೮೧ ಲಕ್ಷ ರೂಪಾಯಿಗಳ ಅಂದಾಜಿನೊಡನೆ ೧೯೧೧ರ ಅಕ್ಟೋಬರಿನಲ್ಲಿ ಮಹಾರಾಜರ ಮಂಜೂರಾತಿ ದೊರೆತು, ನವೆಂಬರಿನಲ್ಲಿ ಕೆಲಸ ಮೊದಲಾಯಿತು.

ಈ ೧೧ ಎಂಬ ಸಂಖ್ಯೆಯೇ ಯೋಜನೆಯ ಮೂಲೋದ್ದೇಶವನ್ನು ಹೊರಪಡಿಸುವಂತಿದೆ. ೯೦೦ ಕ್ಯೂಸೆಕ್ಕುಗಳ ಹರಿವು ಒಂದು ದಿನಕ್ಕೆ ೭ ಕೋಟಿ ೭೭ ಲಕ್ಷ ೬೦ ಸಾವಿರ ಘನ ಅಡಿ ನೀರಾಗುತ್ತದೆ. ೧೧ ಶತಕೋಟಿಯನ್ನು ಇದರಿಂದ ಭಾಗಿಸಿದರೆ ೧೪೧ ದಿನಗಳು ಬರುತ್ತವೆ. ಜನವರಿ ಮೊದಲಿನಿಂದ ಮೇ ಕೊನೆಯ ವರೆಗಿನ ದಿನಗಳು ೧೫೧. ಆವಿಯಾಗಿ ಹೋಗುವ ನೀರನ್ನು ಕಳೆದು, ಬೇಸಗೆಯಲ್ಲಿ ಹೊಳೆಯಲ್ಲೇ ಉಳಿದಿರುವ ಅಲ್ಪವಾದ ಹರಿವನ್ನೂ ಕಟ್ಟೆಯ ಕೆಳಗೆ ತಿರುಮಕೂಡಲಿನಲ್ಲಿ ಬಂದು ಸೇರುವ ಕಪಿಲೆಯ ನೀರನ್ನೂ ಕೂಡಿಸಿಕೊಂಡರೆ, ಮೊದಲ ಹಂತದ ಜಲಾಶಯವು ಶಿವನಸಮುದ್ರದ ಒಂದು ಬೇಸಗೆಯ ಅಳತೆಗೆ ಹೊಲಿದ ಅಂಗಿಯಂತಿದೆ. ವಿಸ್ತಾರವಾದ ನೀರಾವರಿಗೆ ಅದರಲ್ಲಿ ಎಡೆಯಿರಲಿಲ್ಲ. ಕಟ್ಟೆಯ ನೀರು ಎಡದಂಡೆಯ ದೊಡ್ಡ ನಾಲೆಯಲ್ಲಿ ಹರಿದದ್ದು ೧೯೩೦ರ ದಶಕದಲ್ಲಿ. ವೈಸರಾಯ್ ಇರ್ವಿನ್ನರ ಹೆಸರು ಹೊತ್ತ ಆ ನಾಲೆಯೇ ಮುಂದೆ ವಿಶ್ವೇಶ್ವರಯ್ಯ ನಾಲೆಯೆನಿಸಿತು.

ಇದಕ್ಕೆ ಪ್ರತಿಯಾಗಿ, ಎರಡನೆಯ ಹಂತವೂ ನೀರಾವರಿಯೂ ಮೊದಲಿನಿಂದಲೇ ಮನಸ್ಸಿನಲ್ಲಿದ್ದುವೆಂದು ಹೇಳಬಹುದು. ಅದು ಸತ್ಯವೇ, ೧೮೭೬–೭೮ರ ಕ್ಷಾಮವನ್ನು ಕಂಡಿದ್ದ ನಾಡಿನಲ್ಲಿ ನೀರಾವರಿಯನ್ನು ಮರೆತು ಯಾವ ಎಂಜಿನಿಯರನೂ ಕಟ್ಟೆಯನ್ನು ಯೋಚಿಸಲಾರನು. ಆದರೆ ಇಚ್ಛೆ ಬೇರೆ, ಆ ಇಚ್ಛೆಯನ್ನು ಸಾಧ್ಯವಾಗಿಸುವ ಹಣ ಬೇರೆ. ನೀರಾವರಿಯ ಕಂದಾಯ ಕೈಸೇರಲು ವರ್ಷಗಳು ಬೇಕು. ಗಣಿಗಳು ಕೊಡುವ ಹಣ ತಿಂಗಳಿಗೊಮ್ಮೆ ಬರುವುದು. ಗದ್ದೆಯ ಕನಸಿಗೆ ಗಣಿಯ ಕರಾರು ಜಾಮೀನಾಗಿ ನಿಂತಿತು.

೫

ಹರಿಯುವ ನೀರನ್ನು ಬಳಸುವುದಕ್ಕೂ ಹಿಡಿದಿಟ್ಟ ನೀರನ್ನು ಬಳಸುವುದಕ್ಕೂ ಇರುವ ಭೇದವು ಇಲ್ಲಿಂದ ಮುಂದೆ ರಾಜಕೀಯವಾಯಿತು. ಕನ್ನಂಬಾಡಿಯಲ್ಲಿ ಕೂಡಿಟ್ಟು ಶಿವನಸಮುದ್ರಕ್ಕೆ ಬಿಟ್ಟ ನೀರು ಚಕ್ರಗಳನ್ನು ತಿರುಗಿಸಿ ತಮಿಳು ನಾಡಿಗೇ ಹೋಗುವುದು. ಹಾಗಾದರೆ ಮದರಾಸಿಗೆ ಹಾನಿ ಎಲ್ಲಿ ಎಂದು ಕೇಳಬಹುದು. ಹಾನಿಯ ಭಯ ಕಾಲದಲ್ಲಿತ್ತು. ತಂಜಾವೂರಿನ ಬಯಲಿನಲ್ಲಿ ಕುರುವೈ ಎಂಬ ಮೊದಲ ಬೆಳೆಯು ಜೂನ್ ಜುಲೈಗಳ ಹೊಸನೀರನ್ನೇ ನಂಬಿತ್ತು; ಈಶಾನ್ಯದ ಮಳೆ ಅಲ್ಲಿಗೆ ಬರುವುದು ಅಕ್ಟೋಬರಿನ ಬಳಿಕ. ಆಡಿ ಮಾಸದ ಹದಿನೆಂಟರಂದು ಕಾವೇರಿಯ ಏರುನೀರಿಗೆ ಪೂಜೆ ಸಲ್ಲಿಸುವ ಆ ಜನರ ಹಬ್ಬವೇ ಇದಕ್ಕೆ ಸಾಕ್ಷಿ. ಖಾಲಿಯಾದ ಜಲಾಶಯ ತುಂಬತೊಡಗುವುದೂ ಅದೇ ಜೂನ್ ಜುಲೈಗಳಲ್ಲಿ. ಕಟ್ಟೆಯು ಆಷಾಢದ ನೀರನ್ನು ಹಿಡಿದು ಫಾಲ್ಗುಣ ಚೈತ್ರಗಳಲ್ಲಿ ಬಿಟ್ಟರೆ, ಮೊತ್ತವು ಕಾಗದದ ಮೇಲೆ ಸರಿಹೋದರೂ, ಗದ್ದೆಗೆ ಬೇಕಾದಾಗ ಕಡಮೆಯಾಗಿ ಬೇಡವಾದಾಗ ಬಂದಂತಾಗುವುದು. ಮದರಾಸಿನ ಆಕ್ಷೇಪಕ್ಕೆ ಈ ನೆಲೆಯಿತ್ತೆಂಬುದನ್ನು ಮೈಸೂರಿನ ಅಭಿಮಾನಿಗಳೂ ಒಪ್ಪಬೇಕಾಗುತ್ತದೆ.

ಮೈಸೂರಿನ ಪಕ್ಷವೂ ದುರ್ಬಲವಾಗಿರಲಿಲ್ಲ. ತನ್ನ ನೆಲದಲ್ಲಿ ಬಿದ್ದ ಮಳೆ ತನ್ನ ಕಣ್ಣೆದುರಿಗೇ ಹರಿದು ಸಮುದ್ರ ಸೇರುವಾಗ ಅದರಲ್ಲಿ ಒಂದಂಶವನ್ನು ಕೂಡಿಟ್ಟುಕೊಳ್ಳಲು ಕೆಳಗಿನವರ ಅಪ್ಪಣೆ ಬೇಕೆಂಬ ೧೮೯೨ರ ನಿಯಮವು ಸಮಾನರ ನಡುವಣ ಒಪ್ಪಂದವಾಗಿರಲಿಲ್ಲ. ಒಂದು ಕಡೆ ಬ್ರಿಟಿಷ್ ಆಧಿಪತ್ಯದ ನೇರವಾದ ಪ್ರಾಂತ, ಇನ್ನೊಂದು ಕಡೆ ಅದಕ್ಕೆ ಅಧೀನವಾದ ಸಂಸ್ಥಾನ. ಭಾರತ ಸರಕಾರವು ೧೧ ಶತಕೋಟಿಯ ಮೊದಲ ಹಂತಕ್ಕೆ ಮಾತ್ರ ಅನುಮತಿ ಕೊಟ್ಟಾಗ, ಮೈಸೂರು ಅಸ್ತಿಭಾರವನ್ನು ಪೂರ್ಣ ಎತ್ತರದ ಕಟ್ಟೆಗೆ ತಕ್ಕಷ್ಟು ಅಗಲವಾಗಿಯೇ ಹಾಕಿತು. ನೆಲದೊಳಗೆ ಹುಗಿದ ಆ ಕಲ್ಲುಗಳೇ ಮೈಸೂರಿನ ಮುಂದಿನ ಉದ್ದೇಶವನ್ನು ಸಾರಿದುವು. ಮದರಾಸು ಅದನ್ನು ಹಿಡಿದು ತಕರಾರೆತ್ತಿತು. ೧೯೧೩ರಲ್ಲಿ ಅಲಹಾಬಾದಿನ ನ್ಯಾಯಾಧೀಶ ಗ್ರಿಫಿನ್ ಅವರ ಪಂಚಾಯಿತಿಯ ಮುಂದೆ ವಿಚಾರಣೆ ಆರಂಭವಾಯಿತು. ನೀರಾವರಿಯ ಇನ್‌ಸ್ಪೆಕ್ಟರ್ ಜನರಲ್ ನೆದರ್‌ಸೋಲ್ ಅವರು ಸಹಾಯಕರಾಗಿದ್ದರು. ೧೯೧೪ರ ಮೇ ೧೨ರ ತೀರ್ಪು ಮೈಸೂರಿಗೆ ಅನುಕೂಲವಾಗಿದ್ದರೂ ಮದರಾಸು ಒಪ್ಪಲಿಲ್ಲ. ಕಡೆಗೆ ೧೯೨೪ರ ಫೆಬ್ರವರಿ ೧೮ರಂದು ಎರಡು ಸರಕಾರಗಳೂ ಐವತ್ತು ವರ್ಷಗಳ ನಂತರ ಪುನರ್ವಿಮರ್ಶೆಗೆ ಅವಕಾಶವುಳ್ಳ ಒಪ್ಪಂದಕ್ಕೆ ಸಹಿಮಾಡಿದುವು.

ಆ ಒಪ್ಪಂದಕ್ಕೆ ಅನುಬಂಧವಾದ ನಿಯಮಗಳ ರೀತಿ ಅರ್ಥಗರ್ಭಿತವಾದುದು. ಮೇಲಣೆಯ ಬಳಿಯ ಅಳತೆಗಂಬದಲ್ಲಿ ನೀರು ಯಾವ ತಿಂಗಳಲ್ಲಿ ಎಷ್ಟು ಅಡಿ ನಿಂತಿರಬೇಕೆಂಬುದನ್ನು ತಿಂಗಳು ತಿಂಗಳಿಗೆ ಗೊತ್ತುಪಡಿಸಿ, ಅಷ್ಟು ನೀರು ಹೋದ ಮೇಲೆಯೇ ಕೃಷ್ಣರಾಜಸಾಗರದಲ್ಲಿ ಸಂಗ್ರಹಿಸತಕ್ಕದ್ದೆಂದು ವಿಧಿಸಲಾಯಿತು. ವರ್ಷದ ಮೊತ್ತವನ್ನು ಹಂಚುವುದಕ್ಕೆ ಮುಂಚೆ ವರ್ಷದ ತಿಂಗಳುಗಳನ್ನೇ ಹಂಚಿಕೊಂಡಂತಾಯಿತು. ಮಳೆ ನಕ್ಷತ್ರಗಳ ಪಂಚಾಂಗದ ಪಕ್ಕದಲ್ಲಿ ಅಡಿ ಅಂಗುಲಗಳ ಹೊಸ ಪಂಚಾಂಗವೊಂದು ಹುಟ್ಟಿತು.

೬

ಅದೇ ವರ್ಷದ ಜುಲೈ ತಿಂಗಳಲ್ಲಿ ನದಿಯು ತನ್ನ ಹಳೆಯ ಸ್ವಭಾವವನ್ನು ತೋರಿಸಿತು. ೧೯೨೪ರ ಮಹಾಪ್ರವಾಹವು ಕಾವೇರಿಯ ದಾಖಲೆಗಳಲ್ಲಿ ಅಪೂರ್ವವಾದುದು. ಮುಂದೆ ಕಟ್ಟಿದ ಮೆಟ್ಟೂರಿನ ಕಟ್ಟೆಯ ಕೋಡಿಯನ್ನು ಸೆಕೆಂಡಿಗೆ ನಾಲ್ಕೂವರೆ ಲಕ್ಷ ಘನ ಅಡಿಗಳಿಗೆ ಮಿಕ್ಕ ನೀರನ್ನು ಹೊರಬಿಡುವಂತೆ ರಚಿಸಬೇಕಾಯಿತು. ಬೇಸಗೆಯಲ್ಲಿ ೯೦೦ ಕ್ಯೂಸೆಕ್ಕುಗಳಿಗಾಗಿ ವ್ಯಾಜ್ಯ ನಡೆದ ಹೊಳೆಯೇ ಇದು ಎಂಬುದನ್ನು ನೆನೆದರೆ ಎಂಜಿನಿಯರರ ಎದುರಿಗಿದ್ದ ಸಮಸ್ಯೆಯ ಗಾತ್ರ ತಿಳಿಯುವುದು. ಕಟ್ಟೆಯು ಬೇಸಗೆಯನ್ನು ಗೆದ್ದರೆ ಸಾಲದು. ತಾನು ಹಿಡಿಯಲಾರದ ನೀರನ್ನು ತನಗೆ ಕೆಡುಕಾಗದಂತೆ ಸಾಗಗೊಡಬೇಕು. ಕನ್ನಂಬಾಡಿಯಲ್ಲಿ ಇದಕ್ಕಾಗಿ ಬೇರೆ ಬೇರೆ ಮಟ್ಟಗಳಲ್ಲಿ ತೂಬುಗಳ ಸಾಲುಗಳನ್ನು ಇಡಲಾಯಿತು. ಅವುಗಳಲ್ಲಿ ಕೆಲವು ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳುಳ್ಳವು. ಈ ಉಪಾಯವನ್ನು ವಿಶ್ವೇಶ್ವರಯ್ಯನವರು ಮೊದಲು ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಪ್ರಯೋಗಿಸಿದ್ದರು. ಸಿಮೆಂಟಿಲ್ಲದೆ ಸುಣ್ಣ ಸುರ್ಕಿಗಳ ಗಾರೆಯಿಂದ ಎದ್ದ ಕಟ್ಟೆಯು ೧೯೩೧ರಲ್ಲಿ ಪೂರ್ಣವಾಯಿತು. ಅದರ ಉದ್ದ ಸುಮಾರು ೮,೬೦೦ ಅಡಿ. ನೀರಿನ ಪೂರ್ಣ ಮಟ್ಟ ೧೨೪ ಅಡಿಗಳಿಗೆ ತುಸು ಮೇಲು.

ಕೋಡಿಯ ನೀರು ಇಂದಿಗೂ ಮನುಷ್ಯರ ಲೆಕ್ಕವನ್ನು ಮೀರುವುದುಂಟು. ಶಿವನಸಮುದ್ರದ ಕವಲಿಗೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಜಹಗೀರುದಾರ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಕಲ್ಲುಕಂಬಗಳ ವೆಸ್ಲಿ ಸೇತುವೆಯು, ೨೦೧೮ರ ಪ್ರವಾಹದಲ್ಲಿ ಒಂದು ಭಾಗವನ್ನು ಕಳೆದುಕೊಂಡಿತು. ಮೇಲೆ ಅಷ್ಟು ಜಲಾಶಯಗಳಿದ್ದರೂ ಅವು ತುಂಬಿದ ಮೇಲೆ ಬರುವ ನೀರಿಗೆ ಹಳೆಯ ಹಾದಿಯೇ ಗತಿ.

ಕಟ್ಟೆಯ ಕೆಳಗಿನ ಹೊಳೆಯ ಗುಣವೂ ಬದಲಾಯಿತು. ಹಿಂದೆ ವೈಶಾಖದಲ್ಲಿ ಬಂಡೆಗಳ ನಡುವೆ ತೆಳುವಾಗಿ ಹರಿದು ಬಿಸಿಲಿಗೆ ಕಾಯುತ್ತಿದ್ದ ನೀರಿನ ಸ್ಥಾನದಲ್ಲಿ, ಜಲಾಶಯದಿಂದ ಬಿಟ್ಟ ಸಮನಾದ ಹರಿವು ಬಂದಿತು. ಆಳವಾಗಿ ನಿಂತ ನೀರಿನಲ್ಲಿ ಬೇಸಗೆಯ ಶಾಖವು ಮೇಲ್ಪದರದಲ್ಲಿಯೇ ಉಳಿದು ತಳದ ಪದರವು ತಂಪಾಗಿರುವುದು ಪ್ರಕೃತಿನಿಯಮ. ತಗ್ಗಿನ ತೂಬಿನಿಂದ ಹೊರಟ ನೀರು ಆ ತಂಪನ್ನು ಸ್ವಲ್ಪ ದೂರವಾದರೂ ಹೊತ್ತೊಯ್ಯುವುದು. ಹೊಸನೀರಿನೊಡನೆ ಇಳಿಯುತ್ತಿದ್ದ ಕೆಂಪು ಮೆಕ್ಕಲು ಕಟ್ಟೆಯ ಹಿಂದೆ ತಂಗುವುದು. ಕನ್ನಂಬಾಡಿಯ ಹಳೆಯ ಊರು ನೀರಿನಲ್ಲಿ ಮುಳುಗಿತು. ಅಲ್ಲಿಯ ವೇಣುಗೋಪಾಲಸ್ವಾಮಿಯ ಪುರಾತನ ದೇವಾಲಯವು ಬೇಸಗೆಯಲ್ಲಿ ನೀರಿಳಿದಾಗ ಮಾತ್ರ ಕಾಣಿಸಿಕೊಳ್ಳುತ್ತಿದ್ದು, ಈಚೆಗೆ ಅದರ ಕಲ್ಲುಗಳನ್ನು ದಡಕ್ಕೆ ಸಾಗಿಸಿ ಮತ್ತೆ ಕಟ್ಟಲಾಗಿದೆ. ಗಣಿಯ ದೀಪಕ್ಕೆ ತೈಲವೆರೆದವರಲ್ಲಿ ಮನೆಮಠ ಕಳೆದುಕೊಂಡ ಈ ಊರುಗಳವರನ್ನೂ ಎಣಿಸತಕ್ಕದ್ದು.

೧೯೩೪ರಲ್ಲಿ ಪೂರ್ಣವಾದ ಮೆಟ್ಟೂರಿನ ಜಲಾಶಯದ ಸಂಗ್ರಹ ೯೩.೫ ಶತಕೋಟಿ ಘನ ಅಡಿ, ಕೃಷ್ಣರಾಜಸಾಗರದ ಸುಮಾರು ಎರಡು ಪಾಲು. ಅದರಿಂದ ಕಾಲದ ಪ್ರಶ್ನೆಗೆ ಒಂದು ಬಗೆಯ ಉತ್ತರ ದೊರೆಯಿತು. ಶಿವನಸಮುದ್ರದ ಚಕ್ರಗಳನ್ನು ತಿರುಗಿಸಿ ಬೇಸಗೆಯಲ್ಲಿ ಹೊರಟ ನೀರು, ತಂಜಾವೂರಿಗೆ ಬೇಡವಾದ ಆ ದಿನಗಳಲ್ಲಿ, ಮೆಟ್ಟೂರಿನಲ್ಲಿ ತಂಗಿ ಜೂನಿನ ಬಿತ್ತನೆಗೆ ಕಾದಿರುವಂತಾಯಿತು. ಮೇಲಿನ ಕಟ್ಟೆ ಪಲ್ಲಟಗೊಳಿಸಿದ ಋತುವನ್ನು ಕೆಳಗಿನ ಕಟ್ಟೆ ಮರಳಿ ಪಲ್ಲಟಗೊಳಿಸಿತು.

೭

ವಿದ್ಯುತ್ತಿನ ಪ್ರಾಧಾನ್ಯವು ಬಹುಕಾಲ ನಿಲ್ಲಲಿಲ್ಲ. ೧೯೪೦ರಲ್ಲಿ ಶಿಂಷಾ ವಿದ್ಯುದಾಗಾರವೂ ೧೯೪೮ರಲ್ಲಿ ಶರಾವತಿಯ ಜೋಗದ ಯಂತ್ರಗಳೂ ಮೊದಲಾದುವು. ನಾಡಿನ ಶಕ್ತಿಯ ಭಾರ ಕಾವೇರಿಯಿಂದ ಶರಾವತಿಗೆ ಸರಿಯಿತು. ಕೋಲಾರದ ಗಣಿಗಳೂ ೨೦೦೧ರಲ್ಲಿ ಮುಚ್ಚಿದುವು. ಕಟ್ಟೆಯನ್ನು ಹುಟ್ಟಿಸಿದ ಕಾರಣ ಕಣ್ಮರೆಯಾದರೂ ಕಟ್ಟೆ ಉಳಿಯಿತು, ಅದು ಎಬ್ಬಿಸಿದ ಪ್ರಶ್ನೆಯೂ ಉಳಿಯಿತು. ೧೯೯೦ರಲ್ಲಿ ರಚಿತವಾದ ನ್ಯಾಯಮಂಡಳಿಯು ೨೦೦೭ರ ಫೆಬ್ರವರಿ ೫ರಂದು ಕೊಟ್ಟ ಅಂತಿಮ ತೀರ್ಪಿನಲ್ಲಿ, ಬಿಳಿಗುಂಡ್ಲುವಿನಲ್ಲಿ ಕರ್ನಾಟಕವು ಬಿಡಬೇಕಾದ ೧೯೨ ಶತಕೋಟಿ ಘನ ಅಡಿಗಳನ್ನು ತಿಂಗಳುಗಳಿಗೆ ವಿಂಗಡಿಸಿತು: ಜೂನಿನಲ್ಲಿ ೧೦, ಜುಲೈನಲ್ಲಿ ೩೪, ಆಗಸ್ಟಿನಲ್ಲಿ ೫೦, ಫೆಬ್ರವರಿಯಿಂದ ಮೇ ವರೆಗೆ ತಿ೦ಗಳಿಗೆ ಎರಡೂವರೆ. ೨೦೧೮ರ ಫೆಬ್ರವರಿ ೧೬ರಂದು ಸುಪ್ರೀಂ ಕೋರ್ಟು ಮೊತ್ತವನ್ನು ೧೭೭.೨೫ಕ್ಕೆ ಇಳಿಸಿತು; ತಿಂಗಳ ವಿಂಗಡಣೆಯನ್ನು ಉಳಿಸಿಕೊಂಡಿತು. ೧೯೨೪ರ ಅಳತೆಗಂಬದ ತತ್ತ್ವವೇ ಇಲ್ಲಿ ಬೇರೆ ಮಾನದಲ್ಲಿ ಮುಂದುವರಿದಿರುವುದು ವಿದಿತವಾಗುತ್ತದೆ.

ಈ ತತ್ತ್ವಕ್ಕೆ ಒಂದು ನ್ಯೂನತೆಯುಂಟು. ಮಳೆ ಚೆನ್ನಾಗಿ ಬಂದ ವರ್ಷದಲ್ಲಿ ಅಂಕೆಗಳಿಗಿಂತ ಮೊದಲೇ ಕೋಡಿ ಹರಿದು ಯಾರಿಗೂ ಪಟ್ಟಿ ಬೇಕಾಗುವುದಿಲ್ಲ. ಮುಂಗಾರು ತಡವಾದ ವರ್ಷದಲ್ಲಿ ಜೂನ್ ಜುಲೈಗಳ ಅಂಕೆಯೇ ಕಲಹಕ್ಕೆ ಬೀಜವಾಗುವುದು. ೧೯೧೧ರಲ್ಲಿ ಎದ್ದ ಸಂಶಯವೂ ಆ ಎರಡು ತಿಂಗಳುಗಳ ನೀರನ್ನೇ ಕುರಿತದ್ದಾಗಿತ್ತು. ಕಟ್ಟೆಯು ಹೇರಳವಾದ ನೀರನ್ನು ಬರದ ತಿಂಗಳಿಗೆ ಸಾಗಿಸಬಲ್ಲದು. ಬಾರದ ಮಳೆಯನ್ನು ಸೃಷ್ಟಿಸಲಾರದು.

ಶಿವನಸಮುದ್ರದ ಒಡ್ಡಿನ ಬಳಿಯಿಂದ ೧೯೭೪ರ ಮೊದಲ್ಗೊಂಡು ಬೆಂಗಳೂರಿಗೆ ಕುಡಿಯುವ ನೀರು ಹೋಗುತ್ತಿದೆ. ೧೯೦೫ರಲ್ಲಿ ಅಲ್ಲಿಂದ ಬೆಳಕನ್ನು ಪಡೆದ ನಗರವು ಈಗ ಅಲ್ಲಿಂದಲೇ ದಾಹವನ್ನು ತಣಿಸಿಕೊಳ್ಳುತ್ತಿದೆ. ಗಣಿಯಂತೆ ನಗರಕ್ಕೂ ಋತುವಿಲ್ಲ. ಚಕ್ರಗಳು ನೀರನ್ನು ಹೊಳೆಗೆ ಹಿಂದಿರುಗಿಸಿದುವು, ನಗರವು ಬಹ್ವಂಶವನ್ನು ಹಿಂದಿರುಗಿಸಲಾರದು. ಆದುದರಿಂದ ನೂರು ವರ್ಷಗಳ ಹಿಂದೆ ಕಾಲವನ್ನು ಕುರಿತು ಆರಂಭವಾದ ವ್ಯಾಜ್ಯವು ದಿನೇ ದಿನೇ ಮೊತ್ತವನ್ನು ಕುರಿತದ್ದಾಗಿ ಪರಿಣಮಿಸುತ್ತಿದೆ. ಕೃಷ್ಣರಾಜಸಾಗರವು ತುಂಬಿದ ವರ್ಷ ನಾಡಿನ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುವ ಸಂಪ್ರದಾಯವು ನಡೆದುಬಂದಿದೆ. ಆ ಬಾಗಿನವು ಕಟ್ಟೆಗೆ ಸಲ್ಲುವುದೆಂದು ತೋರಿದರೂ, ಕಟ್ಟೆಯನ್ನು ತುಂಬಿಸುವ ಪುನರ್ವಸು ಪುಷ್ಯಗಳ ಮಳೆಗೆ ಸಲ್ಲುವುದೆಂದು ತಿಳಿಯುವುದು ಚರಿತ್ರೆಗೆ ಹೆಚ್ಚು ಸಮ್ಮತವಾಗಿದೆ.